ಅಲಾರಂ ಬಂದ್ ಮಾಡಿದವರು

ಬಾವಿಯ ಹತ್ತಿರ ಬಂದಾಗಲೂ ಹಾಲೇಶ ತನ್ನ ಸಾಹೇಬನನ್ನು ಬೈಯುತ್ತಲೇ ಇದ್ದ. ಕೇಳುವವರು ಯಾರೂ ಇರಲಿಲ್ಲ. ಬಾಗಲಕೋಟೆಯಿಂದ ಬಂದ ಕೊನೆಯ ಬಸ್ಸಿನಿಂದ ಇಳಿದವನು ಅವನೊಬ್ಬನೇ, ಅವನ ಊರು ಬೀಳಗಿ ಆಗಲೇ ಮಲಗಿತ್ತು.

ನಮ್ಮ ದೊಡ್ಡವ್ವನ ಮಗ ಇವನು. 2009ರ ಮಾತು. ಮುಂಬೈ ಕಡಲಿನಲ್ಲಿ ಎಣ್ಣೆ ತೆಗೆಯುವ ಒಂದು ಹಡಗಿನಲ್ಲಿ ನೌಕರಿ. ಅಪಘಾತವಾದರೆ ಯಾಕಾಯಿತು, ಯಾರಿಂದಾಯಿತು ಎಂದು ಬರೆಯುವ ಕೆಲಸ. ಅದೇ ಹಡಗಿನಲ್ಲಿದ್ದ ಚಿಮ್ಮಡದ ಧರೆಪ್ಪ ಪಂಪಿನ ಕೋಣೆಯಲ್ಲಿ ಗ್ಯಾಸ್ ಸೋರಿ ಸತ್ತಿದ್ದ. ಸೋರಿದ ಕೂಡಲೇ ಒದರಬೇಕಾದ ಅಲಾರಂ ಒದರಿರಲಿಲ್ಲ. ಯಾರೋ ಬಂದ್ ಮಾಡಿದ್ದರು.

"ಪಾಳಿಯಲ್ಲಿ ನಿದ್ದೆ ಹೊಡೆದಿದ್ದ, ಧರೆಪ್ಪನದೇ ತಪ್ಪು ಅಂತ ಬರೆದು ಮುಗಿಸು" ಎಂದು ಮುಂಬೈ ಆಫೀಸಿನ ಸಾಹೇಬ ಮೂರು ಸಲ ವರದಿ ತಿರುಗಿಸಿದ್ದ. ಬೆಳಿಗ್ಗೆ ನಾಲ್ಕನೆಯದು ಹೋಗಬೇಕು.

ಕೀಂವ್... ಕೀಂವ್... ಕೀಂವ್...

ಜೀರುಂಡೆಯಲ್ಲ. ಹಡಗಿನ ಅಲಾರಂ. ಬಾವಿಯೊಳಗಿಂದ...

ಕಟ್ಟೆಯ ಮೇಲೆ ಒಬ್ಬ ಬೆನ್ನು ಮಾಡಿ ಕೂತಿದ್ದ. ಮೈಮೇಲೆ ಡ್ಯೂಟಿಯ ಕೇಸರಿ ಬಟ್ಟೆ.

"ಎಷ್ಟ್ ಸಲ ಬರದ್ರಿ, ಸಾಹೇಬ್ರ?" ಪಿಸುದನಿ. ಧರೆಪ್ಪನದೇ.

ಹಾಲೇಶ ಒಂದು ಹೆಜ್ಜೆ ಹಿಂದೆ ಸರಿದ. "ಮೂ... ಮೂರ್ ಸಲ."

"ನಾ ಪಾಳಿಗೆ ಬರೂ ಮೊದ್ಲ ಬಂದ್ ಆಗಿತ್ರಿ. ಯಾರೂ ಹೇಳಲಿಲ್ಲ."

"ಗೊತ್ತೈತೋ. ಬಂದ್ ಮಾಡಿದಾವ ಯಾರು, ಅದನ್ನ ಹೇಳು." ಸತ್ತವನ ಮುಂದೆಯೂ ವಿಚಾರಣೆ. ರೂಢಿ ಬಿಡಬೇಕಲ್ಲ.

ನಕ್ಕಂತಾಯಿತು... ಮುಳುಗುವ ಕೊಡದ ಗುಳುಗುಳು.

"ಯಾರೋ ಒಬ್ರು. ದಿನಕ್ಕ ನಲವತ್ತ್ ಸಲ ಸುಳ್ಳ ಒದರಿದ್ರ ಯಾರ್ ಕೇಳ್ತಾರ್ರಿ? ಎಲ್ಲಾರೂ ಬಂದ್ ಮಾಡ್ತಿದ್ವಿ. ಹಿಂದಿನ ದಿನ ನಾನೂ ಮಾಡಿದ್ದೆ."

"ರಿಪೇರಿಗೆ ಹೇಳಬೇಕಿತ್ತಲ್ಲೋ?"

"ಚೀಟಿ ಕೊಟ್ಟು ಎಂಟ್ ತಿಂಗಳಾತ್ರಿ."

ಬಾವಿಯೊಳಗಿನ ಅಲಾರಂ ನಿಂತಿತು.

"ನಮ್ಮ ಮನ್ಯಾಕಿ ಹೊಳೆವ್ವ... ಗಂಡ ನಿದ್ದಿ ಹೊಡದು ಸತ್ತ ಅಂತ ತಿಳ್ಕೋಬಾರ್ದರೀ. ಅಷ್ಟ."

ಹಾಲೇಶ ಕಣ್ಣುಜ್ಜಿಕೊಂಡು ನೋಡಿದ... ಕಟ್ಟೆ ಖಾಲಿ.

ರಾತ್ರಿಯೆಲ್ಲ ಜ್ವರ. ಅವರವ್ವ ಸಾತವ್ವ ಬೆಳತನಕ ಹಣೆಗೆ ಒದ್ದೆ ಅರಿವೆ ಹಾಕಿ ಕೂತಳು. ಬೆಳಿಗ್ಗೆ ಇಂಟರ್‌ನೆಟ್ ಅಂಗಡಿ ತೆಗೆಯುವುದನ್ನೇ ಕಾದು, ಸುಳ್ಳು ಅಲಾರಂ, ಎಂಟು ತಿಂಗಳ ಚೀಟಿ, ಎಲ್ಲ ಬರೆದು ಕಳಿಸಿದ. ಹತ್ತೇ ನಿಮಿಷಕ್ಕೆ ಸಾಹೇಬನ ಫೋನು.

"ಮತ್ತೆ ಅದೇ ರಾಗವೇನು? ಬಿಡು, ನಾನೇ ತಿದ್ದುತ್ತೇನೆ."

ಕಾಗದದಲ್ಲಿ ಉಳಿಯದ್ದನ್ನು ಬಾಯಿಂದಲಾದರೂ ಹೇಳಬೇಕೆಂದು ಬಸ್ಸು ಬದಲಿಸಿ ಚಿಮ್ಮಡಕ್ಕೆ ಹೋದ. ಹೊಳೆವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು.

"ಮತ್ತ ಯಾಕ ಬರಾಕ ಹ್ವಾದ್ರಿ, ಅಣ್ಣಾರ? ರಾತ್ರಿನ ಎಲ್ಲಾ ಹೇಳಿ ಹೋದ್ರಲ್ಲ... ನಮ್ಮವ್ರೊಬ್ರದ ತಪ್ಪಲ್ಲಂತ."

ಖರೇನೇ ನಡೆದದ್ದು ಇದು. ಕತೆ ಕಟ್ಟಲು ಹಾಲೇಶನಿಗೆ ಬರುವುದಿಲ್ಲ. ಬರುತ್ತಿದ್ದರೆ ಅವನ ಮೊದಲನೇ ವರದಿಯೇ ಪಾಸಾಗುತ್ತಿತ್ತು.

ಹೊಳೆವ್ವನನ್ನು ಅವನು ನೋಡಿದ್ದು ಅಂದೇ ಮೊದಲು.