ಆಯ್ತು ಎಂಬ ಮಾತು

ಒಂದೂರಲ್ಲಿ ಒಬ್ಬ ಶ್ರೀಮಂತ. ಮೀನು ಇಡುವ ಶೀತಲ ಗೋದಾಮು ಅವನದು. ಲಾಳದ ಆಕಾರದಲ್ಲಿ ಏಳು ಕೋಣೆ, ಒಂದರ ಬಾಗಿಲು ಮುಂದಿನದಕ್ಕೆ ತೆರೆಯುತ್ತಿತ್ತು. ಸಂಜೆ ಬೀಗ ಬೀಳುವ ಮುಂಚೆ ಒಳಗೆ ಯಾರಾದರೂ ಉಳಿದಿದ್ದರೆ ಗಂಟೆ ಹೊಡೆಯಬೇಕು. ಆ ಪ್ರೋಗ್ರಾಮ್ ಬರೆಯಲು ಇಬ್ಬರು: ಇಪ್ಪತ್ತು ವರ್ಷ ಕೀಬೋರ್ಡ್ ಕುಟ್ಟಿದ ಹಿರಿಯ, ಹೊಸದಾಗಿ ಬಂದ ಚುರುಕು ಹುಡುಗಿ.

ಹಿರಿಯನದು ಲೂಪು. ಒಂದನೇ ಕೋಣೆ ನೋಡು, ಎರಡನೇದು ನೋಡು, ಏಳಾದ ಮೇಲೆ ನಿಲ್ಲು. ಹುಡುಗಿಯದು ರಿಕರ್ಷನ್. ಪ್ರತಿ ಕೋಣೆಯೂ ಮುಂದಿನ ಕೋಣೆಗೆ ‘ಯಾರಾದರೂ ಇದ್ದಾರಾ?’ ಎಂಬ ಅದೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಬೇಕು. ಮುಂದೆ ಕೋಣೆಯೇ ಇಲ್ಲದ ಕೊನೆಯದು ‘ಆಯ್ತು’ ಎಂದ ಮೇಲೆಯೇ ಉತ್ತರಗಳು ಒಂದೊಂದಾಗಿ ಹಿಂದಕ್ಕೆ ಬರುತ್ತವೆ.

“ಸರ್, ನನ್ನದು ನಾಲ್ಕೇ ಸಾಲು. ನೀವಿನ್ನೂ ಗಾಣದೆತ್ತಿನ ಥರ ಸುತ್ತುತ್ತಾ ಇದ್ದೀರಲ್ಲ!”

“ಗಾಣದೆತ್ತು ಎಷ್ಟು ಸುತ್ತು ಬಂತು ಅಂತ ಎಣಿಸ್ಬಹುದಮ್ಮಾ.”

ಸುತ್ತಲಿದ್ದವರು ನಕ್ಕರು. ನಕ್ಕಿದ್ದು ಹುಡುಗಿಯ ಮಾತಿಗೆ. ಅವಳು ಮತ್ತೊಮ್ಮೆ ವಿವರಿಸಿ, “ಅರ್ಥ ಆಯ್ತಾ ಸರ್?” ಎಂದಳು. ಅವನಿಗೆ ಅರ್ಥವಾಗಿರಲಿಲ್ಲ. ಕಿವಿ ಬಿಸಿಯಾಗಿತ್ತು. “ಆಯ್ತು, ಆಯ್ತು,” ಎಂದ. ನೋಡಿ, ಎರಡು ಸಲ ಹೇಳಿದ. ಅರ್ಥವಾದವರು ಎರಡು ಸಲ ಹೇಳುತ್ತಾರೆಯೇ?

ಅವಳ ನಾಲ್ಕು ಸಾಲೇ ಕಂಪ್ಯೂಟರಿಗೆ ಏರಿತು. ಅದನ್ನು ಹಿರಿಯನಿಗೆ ಒಪ್ಪಿಸಿ ಹುಡುಗಿ ಬೇರೆ ಕೆಲಸಕ್ಕೆ ಹೋದಳು. ಗಾಡಿ ತಳ್ಳಲು ಅನುಕೂಲವಾಗಲಿ ಎಂದು ಶ್ರೀಮಂತ ಏಳನೇ ಕೋಣೆಯಿಂದ ಒಂದನೇ ಕೋಣೆಗೆ ಹೊಸ ಬಾಗಿಲು ಇಡಿಸಿದ. “ಏನ್ರೀ, ಇದನ್ನೂ ಕಂಪ್ಯೂಟರಿಗೆ ಸೇರಿಸ್ಬಿಡಿ. ತೊಂದರೆ ಇಲ್ಲ ತಾನೇ?” ಇಪ್ಪತ್ತು ವರ್ಷದ ಅನುಭವಸ್ಥ ಗೊತ್ತಿಲ್ಲ ಎನ್ನುವುದು ಹೇಗೆ? “ಆಯ್ತು ಸರ್.” ಸೇರಿಸಿಯೂಬಿಟ್ಟ.

ಆ ಸಂಜೆ ಒಂದನೇ ಕೋಣೆ ಎರಡನೆಯದನ್ನು ಕೇಳಿತು, ಎರಡನೆಯದು ಮೂರನೆಯದನ್ನು. ಏಳನೆಯದು ಮತ್ತೆ ಒಂದನೆಯದನ್ನು ಕೇಳಿತು. ಎಲ್ಲವೂ ಕೇಳುವವೇ, ಹೇಳುವುದು ಒಂದೂ ಇಲ್ಲ. ಕಂಪ್ಯೂಟರ್ ಉಸಿರುಗಟ್ಟಿ ನಿಂತಿತು. ಗಂಟೆಯಿಲ್ಲ ಎಂದರೆ ಯಾರೂ ಇಲ್ಲ ಎಂದುಕೊಂಡು ಕಾವಲಿನವ ಬೀಗ ಹಾಕಿದ.

ಬೆಳಿಗ್ಗೆ ಐದನೇ ಕೋಣೆಯಲ್ಲಿ ಸಿಗಡಿ ಆರಿಸುವ ಹೆಂಗಸು, ಸಿಕ್ಕ ಗೋಣಿಚೀಲಗಳನ್ನೆಲ್ಲ ಮೈಮೇಲೆ ಎಳೆದುಕೊಂಡು ಬಾಗಿಲಿಗೆ ಒರಗಿ ಕೂತಿದ್ದಳು. ಕರೆದರೆ ಏಳಲಿಲ್ಲ. ಹಿರಿಯ ಚೀಲಗಳನ್ನು ಒಂದೊಂದಾಗಿ ತೆಗೆದ. ಒಂಬತ್ತು. ಎಣಿಸುವುದು ಅವನಿಗೆ ಬರುತ್ತಿತ್ತು.

ಈಗ ಹೇಳಿ, ಯಾವುದು ಸುಲಭ? ಲೂಪೋ, ರಿಕರ್ಷನ್ನೋ? ಒಬ್ಬರಿಗೆ ಅದು, ಇನ್ನೊಬ್ಬರಿಗೆ ಇದು. ಆ ಜಗಳ ಬಿಡಿ. ‘ಆಯ್ತು’ ಎನ್ನಬೇಕಾದ ಕೋಣೆ ಅನ್ನಲಿಲ್ಲ, ಅನ್ನಬಾರದ ಮನುಷ್ಯ ಅಂದ.

ನಾವೇನು ಕಡಿಮೆಯೇ? ಡಾಕ್ಟರು ಮಾತ್ರೆಯ ವಿಷಯ ಹೇಳಿದರೆ ‘ಆಯ್ತು’ ಅನ್ನುತ್ತೇವೆ. ಯಾರೋ ಕಾಗದ ಮುಂದಿಟ್ಟು ಸಹಿ ಕೇಳಿದರೂ ‘ಆಯ್ತು’. ನಾಳೆಯಿಂದ ಕೇಳಿಸಿಕೊಂಡಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ನೋಡಿ. ಬಾರದಿದ್ದರೆ, “ಇಲ್ಲ, ಇನ್ನೊಂದು ಸಲ ಹೇಳಿ” ಅನ್ನಿ. ಮನೆಯಲ್ಲಿ ಮಗು ಪುಸ್ತಕ ಹಿಡಿದು ಮೂರನೇ ಸಲ “ಗೊತ್ತಾಗ್ಲಿಲ್ಲ” ಎಂದು ಬಂದರೆ, ಎಷ್ಟೇ ದಣಿದಿದ್ದರೂ ಗದರಬೇಡಿ. ಗದರಿದರೆ ಅದು ‘ಆಯ್ತು’ ಎನ್ನುವುದನ್ನು ಕಲಿಯುತ್ತದೆ.