ನಡುವಿನ ಸ್ಪೀಕರ್

ಇದು ಟೀವಿ, ಸ್ಪೀಕರ್ ಜೋಡಿಸಿಕೊಡುವ ಶಿಡ್ಲಘಟ್ಟದ ಮೆಹ್ವಿಶ್‌ಗೆ ಆದದ್ದು. ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವಳದು. ಸುಳ್ಳು ಹೇಳುವ ಹುಡುಗಿಯಲ್ಲ. ಹೇಳುವವಳಾಗಿದ್ದರೆ ಗಿರಾಕಿಗಳಿಗೆ ಹೇಳಿ ಇಷ್ಟು ಹೊತ್ತಿಗೆ ಮಹಡಿ ಎಬ್ಬಿಸಿರುತ್ತಿದ್ದಳು.

ಮೇಲೂರಿನಲ್ಲಿ ಕೆಲಸ ಮುಗಿಸಿ ಹೊರಟಾಗ ರಾತ್ರಿ ಒಂಬತ್ತು ದಾಟಿತ್ತು. ಪೈಪು ಹಾಕಲು ಓಣಿಯನ್ನೆಲ್ಲ ಅಗೆದಿದ್ದರಿಂದ ಸ್ಕೂಟರನ್ನು ಊರಾಚೆ ಆಲದ ಮರದ ಕೆಳಗೆ ಬಿಟ್ಟು ಬಂದಿದ್ದಳು. ಅಲ್ಲಿಗೆ ನಡೆದೇ ಹೋಗಬೇಕು. ದಾರಿಯಲ್ಲಿ ಒಂದು ಹಳೆಯ ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ಹೆಗಲ ಚೀಲದೊಳಗೆ ಸ್ಕ್ರೂಡ್ರೈವರುಗಳು ಟಿಣ್... ಟಿಣ್... ಅಂತ ಒಂದಕ್ಕೊಂದು ತಾಗುತ್ತಿದ್ದವು. ಅದು ಬಿಟ್ಟರೆ ಸದ್ದಿಲ್ಲ.

ಬಾವಿಯ ಪಕ್ಕಕ್ಕೆ ಬರುವಾಗ ಫೋನು ಗುರ್ರ್ ಅಂತು. ಮಹತಿ. ಈಗ ತಾನೇ ಬಿಟ್ಟುಬಂದ ಮನೆಯ ಮಗಳು.

"ಎಲ್ಲಿದ್ದೀಯಮ್ಮ?" ಪಿಸುಮಾತು.

"ಬಾವಿ ಹತ್ರ ಅಕ್ಕ. ಯಾಕೆ, ಮತ್ತೆ ಸದ್ದು ನಿಂತೋಯ್ತಾ?"

"ಇಲ್ಲ... ಜಾಸ್ತಿ ಬರ್ತಿದೆ."

"ಜಾಸ್ತಿ ಅಂದ್ರೆ?"

"ನೀನು ಜೋಡಿಸಿದ್ದು ಎರಡು ಸ್ಪೀಕರ್ ತಾನೇ?"

"ಹೂಂ."

"ಮೂರರಿಂದ ಬರ್ತಿದೆ... ವಾಪಸ್ ಬಾಮ್ಮ."

ಮೆಹ್ವಿಶ್ ನಿಂತಳು. ಮೂರನೆಯ ಸ್ಪೀಕರಿಗೆ ಎಳೆಯಬೇಕಾದ ವೈರಿನ ಸುರುಳಿ ಶಿಡ್ಲಘಟ್ಟದ ತನ್ನ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಅವತ್ತು ಮರೆತು ಬಂದಿದ್ದಳು.

ಮನೆ ಯೋಗನರಸಿಂಹ ಮೇಷ್ಟ್ರದು. ಕೆಲಸದಲ್ಲಿದ್ದ ಕಾಲಕ್ಕೆ ಹಗಲು ಹೈಸ್ಕೂಲಿನಲ್ಲಿ ಲೆಕ್ಕದ ಪಾಠ, ಸಂಜೆ ಮನೆಯಲ್ಲಿ ಸಂಗೀತದ ಪಾಠ. ಮಗಳು ಮಹತಿಗೂ ಅವರೇ ಗುರು. ಪ್ರತಿ ಪಾಠವನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿದ್ದರು. ಮಗಳು ಸ್ವರ ತಪ್ಪಿದರೆ, ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಸರಿಯಾದ ಸ್ವರ ಬರುತ್ತಿತ್ತು. ಅವರ ಹೆಂಡತಿ ಗೋದಮ್ಮ. ಕಾಯಿ ತುರಿಯುತ್ತ, ಅಕ್ಕಿ ಕೇರುತ್ತ, ಸುಮ್ಮನೆ ಬಾಯಿಗೆ ಬಂದಂತೆ ಹಾಡಿಬಿಡುತ್ತಿದ್ದರು. ಮೇಷ್ಟ್ರಿಗಿಂತ ಒಂದು ಕೈ ಮೇಲೆ. ಮೇಷ್ಟ್ರಿಗೂ ಅದು ಗೊತ್ತಿತ್ತು. ಅದಕ್ಕೇ "ಸುಮ್ನಿರೇ, ಕ್ಯಾಸೆಟ್ ಕೆಡುತ್ತೆ" ಅಂತ ಗದರಿ, ಹಿಂದಕ್ಕೆ ಸುತ್ತಿ, ಆ ಜಾಗವನ್ನು ಅಳಿಸುತ್ತಿದ್ದರು. ಗುಂಡಿ ಒತ್ತಿದ 'ಟಕ್' ಮಾತ್ರ ಉಳಿಯುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಗೋದಮ್ಮ ಹೋಗಿ ಮಾರನೆಯ ದಿನಕ್ಕೆ ವರ್ಷ. ವರ್ಷ ತುಂಬುವವರೆಗೆ ಮನೆಯಲ್ಲಿ ಹಾಡು ಹಾಕಬಾರದು ಅಂತ ಮೇಷ್ಟ್ರ ಹಟ. ಮಹತಿ ಕ್ಯಾಸೆಟ್ಟುಗಳನ್ನೆಲ್ಲ ಒಂದು ಕರಿ ಡಬ್ಬಿಗೆ, ಅಂಗೈಯಗಲದ ಮ್ಯೂಸಿಕ್ ಸರ್ವರಿಗೆ, ತುಂಬಿಸಿ ಇಟ್ಟಿದ್ದಳು. ಮೊಬೈಲಿನಲ್ಲಿ ಕಿವಿಗೆ ಹಾಕಿ ಕದ್ದು ಕೇಳಿದ್ದಳು. ಬರೀ ಟಕ್... ಟಕ್... ಅಮ್ಮನ ದನಿ ಎಲ್ಲಿಯೂ ಇಲ್ಲ. ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ಎಲ್ಲಾದರೂ ಒಂದು ಎಳೆ ಉಳಿದಿರಬಹುದೇನೋ ಅನ್ನುವ ಆಸೆಗೆ, ಸಂಬಳ ಕೂಡಿಸಿ ಸ್ಪೀಕರುಗಳನ್ನೂ ಅವಕ್ಕೆ ಸದ್ದು ಹಂಚುವ ರಿಸೀವರನ್ನೂ ತಂದಿದ್ದಳು. ಒಂದು ದಿನ ಮೊದಲೇ ಹಾಕಿ ನೋಡಲು ಮೇಷ್ಟ್ರು ಕೊನೆಗೆ ಒಪ್ಪಿದ್ದರು; ತಿಥಿಯ ಹಿಂದಿನ ಸಂಜೆ ಜೋಡಿಸಲು ಮೆಹ್ವಿಶ್ ಬಂದಳು.

"ನಿಮ್ಮಣ್ಣ ಬರಲ್ವೇನಮ್ಮ?" ಬಾಗಿಲಲ್ಲೇ ಮೇಷ್ಟ್ರು ಕೇಳಿದರು.

"ಅಣ್ಣಂಗೆ ಬಲ್ಬ್ ಹಾಕೋಕೂ ಬರಲ್ಲ ಸಾರ್. ಕರೀಲಾ?"

ಮಹತಿ ನಕ್ಕಳು. ಮೇಷ್ಟ್ರು ನಗಲಿಲ್ಲ.

ಡಬ್ಬಿಯಿಂದ ರಿಸೀವರಿಗೆ ಒಂದೇ ಎಚ್‌ಡಿಎಂಐ ಕೇಬಲ್. ಸಿಕ್ಕಿಸಿದರೆ ಸದ್ದೇ ಇಲ್ಲ. ಮೇಷ್ಟ್ರು ಹುಬ್ಬು ಏರಿಸಿದರು. ಮೆಹ್ವಿಶ್ ಎರಡನ್ನೂ ಆರಿಸಿ, ಮೊದಲು ರಿಸೀವರ್ ಹಾಕಿ, ಆಮೇಲೆ ಡಬ್ಬಿ ಹಾಕಿದಳು. ಎಡಕ್ಕೂ ಬಲಕ್ಕೂ ಹಾಡು ತೆರೆದುಕೊಂಡಿತು. ಎಂಟು ವರ್ಷದ ಮಹತಿಯ ಸರಳೆ ವರಸೆ.

"ಇಷ್ಟೇ ಅಕ್ಕ. ಈ ಕೇಬಲ್ ಒಳಗೆ ಎರಡೂ ಒಂದನ್ನೊಂದು ಮಾತಾಡಿಸ್ತವೆ. ಆ ಕಡೆ ಕೇಳೋರು ಇದ್ದಾರೆ ಅಂತ ಗೊತ್ತಾದ್ರೇನೇ ಈ ಡಬ್ಬಿ ಬಾಯಿ ಬಿಡೋದು."

"ಅಮ್ಮನೂ ಹಂಗೇ ಇದ್ರು," ಅಂದಳು ಮಹತಿ, ಅಪ್ಪನ ಮುಖ ನೋಡದೆ. "ಕೇಳೋರೇ ಇರ್ಲಿಲ್ಲ."

ರಿಸೀವರಿನ ಮುಖದ ಮೇಲೆ ಪುಟ್ಟ ದೀಪಗಳು. ಒಳಗೆ ಎಷ್ಟು ದಾರಿಯಲ್ಲಿ ಸದ್ದು ಬರುತ್ತದೋ ಅಷ್ಟು ಉರಿಯುತ್ತವೆ. ಎಡಕ್ಕೊಂದು, ಬಲಕ್ಕೊಂದು ಉರಿಯುತ್ತಿದ್ದವು. ಮೂರನೆಯ ಸ್ಪೀಕರ್ ನಡುವಿನದು; ಅಡುಗೆಮನೆಯ ಹೊಸ್ತಿಲ ಮೇಲೆ ಅರ್ಧ ಬಿಚ್ಚಿದ ಥರ್ಮಾಕೋಲಿನಲ್ಲಿ ಮಲಗಿತ್ತು. "ನಾಳಿದ್ದು ವೈರ್ ತರ್ತೀನಿ" ಅಂತ ಹೇಳಿ ಮೆಹ್ವಿಶ್ ಹೊರಟಿದ್ದಳು.

ಈಗ ವಾಪಸ್ ಬಂದರೆ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಅಪ್ಪ ಮಗಳು ಅಲುಗಾಡದೆ ಕೂತಿದ್ದರು. ಅಡುಗೆಮನೆ ಕತ್ತಲು. ಪಾಠ ನಡೆಯುತ್ತಿತ್ತು. ಎಡಕ್ಕೆ ಮಗುವಿನ ಹಾಡು, ಬಲಕ್ಕೆ ಮೇಷ್ಟ್ರ ತಾಳ. ನಡುವೆ...

ಖರ್ರ್... ಖರ್ರ್... ಖರ್ರ್...

"ಕಾಯಿ ತುರಿಯೋ ಸದ್ದು," ಅಂದಳು ಮಹತಿ, ಉಸಿರಲ್ಲೇ.

ಮೆಹ್ವಿಶ್ ರಿಸೀವರ್ ನೋಡಿದಳು. ನಡುವಿನ ದೀಪವೂ ಉರಿಯುತ್ತಿತ್ತು. ಹೊಸ್ತಿಲಿಗೆ ಬಗ್ಗಿ ಸ್ಪೀಕರ್ ತಿರುಗಿಸಿದಳು. ವೈರ್ ಸಿಕ್ಕಿಸುವ ಹಿಂದಿನ ತಿರುಪುಗಳ ಮೇಲೆ ಕಂಪನಿಯ ಪ್ಲಾಸ್ಟಿಕ್ ಟೋಪಿಗಳು ಹಾಗೇ ಇದ್ದವು. ಬೆರಳಿಗೆ ಮರದ ಪೆಟ್ಟಿಗೆ ಅದುರುವುದು ತಿಳಿಯಿತು.

"ಯಾ ಅಲ್ಲಾ..."

"ಶ್ಶ್..." ಅಂದರು ಮೇಷ್ಟ್ರು. "ಈಗ ತಪ್ತಾಳೆ ನೋಡು. ಈ ಪಾಠ ನಂಗೆ ನೆನಪಿದೆ."

ಮಗು ತಪ್ಪಿತು.

ತುರಿಯುವ ಸದ್ದು ನಿಂತಿತು. ಗಾಜಿನ ಬಳೆ ಒಂದು ಸಲ ಕಿಣ್ ಅಂತು. ಆಮೇಲೆ ಉಸಿರು... ಹಾಡುವ ಮೊದಲು ಹಾಡುವವರು ಒಳಗೆಳೆದುಕೊಳ್ಳುವ ಆ ಉಸಿರು. ಹೊಸ್ತಿಲಿಂದ, ನೆಲದ ಮಟ್ಟದಿಂದ.

ಟಕ್.

ಪಾಠ ಮುಂದಕ್ಕೆ ಹೋಯಿತು. ಖರ್ರ್... ಖರ್ರ್...

"ಅಮ್ಮ ಅಲ್ಲೇ ಇದ್ರು," ಅಂದಳು ಮಹತಿ. "ಬಾಯಿ ತೆಗೆದಾಗಲೆಲ್ಲ ನೀವು ಗುಂಡಿ ಒತ್ತಿ..."

"ಗೊತ್ತು ಕಣಮ್ಮ."

"ಗೊತ್ತಿದ್ದೂ ಮಾಡಿದ್ರಿ."

ಮೇಷ್ಟ್ರು ಗೋಡೆ ಹಿಡಿದು ಎದ್ದರು. ಹೊಸ್ತಿಲ ಮುಂದೆ ಮಂಡಿಯೂರಿ ಕೂತರು. ಎಂಬತ್ತರ ಹತ್ತಿರದ ಮಂಡಿ ಲಟಕ್ ಅಂತು. ಆಮೇಲೆ ಬಂದದ್ದು ಪಾಠ ಹೇಳುವ ದನಿಯೇ ಅಲ್ಲ.

"ಗೋದಾ... ಇನ್ನೊಂದ್ ಸಲ ತಪ್ತಾಳೆ ಮಗು. ಈ ಸಲ ಹಾಡೇ. ನಾನು ಗುಂಡಿ ಮುಟ್ಟಲ್ಲ."

ಮಗು ಮತ್ತೆ ತಪ್ಪಿತು.

ತುರಿಯುವುದು ನಿಂತಿತು. ಬಳೆ ಕಿಣ್ ಅಂತು. ಉಸಿರು ಒಳಗೆ ಹೋಯಿತು...

ಟಕ್ ಬರಲಿಲ್ಲ.

ಟಕ್ ಬರಬೇಕಾದ ಕಡೆ ಬರಲಿಲ್ಲ. ಎಡಕ್ಕೂ ಬಲಕ್ಕೂ ಪಾಠ ನಿಂತು ಕಾದಂತಿತ್ತು. ಮಹತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೆಹ್ವಿಶ್ ಒಂದು, ಎರಡು ಅಂತ ಎಣಿಸಿದಳು. ಹನ್ನೊಂದರವರೆಗೆ ಎಣಿಸಿದ್ದು ಅವಳಿಗೆ ನೆನಪಿದೆ.

ಆಮೇಲೆ ಆ ಉಸಿರು ನಿಧಾನಕ್ಕೆ ಹೊರಗೆ ಬಂತು. ಬರೀ ಉಸಿರಾಗಿಯೇ.

ಖರ್ರ್... ಖರ್ರ್... ಖರ್ರ್...

ಮೇಷ್ಟ್ರು ಹೊಸ್ತಿಲಿಗೆ ಹಣೆ ಇಟ್ಟರು. "ಸುಮ್ನಿರು ಅಂದೆ," ಅಂದರು. "ಸುಮ್ನಿದ್ದಾಳೆ."

ಮೆಹ್ವಿಶ್‌ಗೆ ಇನ್ನು ತಾಳಲಾಗಲಿಲ್ಲ. ಎಚ್‌ಡಿಎಂಐ ಕೇಬಲನ್ನು ಎಳೆದು ಕಿತ್ತಳು. ಪಾಠ ನಿಂತಿತು. ಎಡ ಬಲದ ದೀಪಗಳು ಆರಿದವು. ನಡುವಿನದು ಆರಲಿಲ್ಲ. ಗೋಡೆಯ ಪ್ಲಗ್ಗನ್ನೇ ಕಿತ್ತಳು. ಅದೂ ಆರಿತು.

ಖರ್ರ್... ಖರ್ರ್... ಖರ್ರ್... ಮೂರು ಸಲ. ಆಮೇಲೆ ಅಡುಗೆಮನೆಯಲ್ಲಿ ತುರಿಯುವ ಮಣೆಯನ್ನು ಗೋಡೆಗೆ ಒರಗಿಸಿದ ಸದ್ದು. ಠಪ್.



"ನಾಳೆ ಬೆಳಗ್ಗೆಯೇ ಬಂದು ಆ ವೈರ್ ಎಳಿಯಮ್ಮ," ಅಂದರು ಮೇಷ್ಟ್ರು, ತಲೆ ಎತ್ತದೆ. "ಸರಿಯಾಗಿ ಜೋಡಿಸಿದ್ರೆ ಹಾಡ್ತಾಳೇನೋ."

"ಎಳೀಬೇಡ ಮೆಹ್ವಿಶ್," ಅಂದಳು ಮಹತಿ. ಕಣ್ಣು ಒಣಗಿದ್ದವು. "ವೈರ್ ಇಲ್ದೇನೇ ಬಂದ್ರು. ಹಾಡಬೇಕು ಅನ್ಸಿದ್ರೆ ಹಾಡ್ತಿದ್ರು. ಬೇಡ ಅನ್ಸ್ತು ಅಷ್ಟೆ. ಅದೊಂದಾದ್ರೂ ಅವರಿಷ್ಟದ ಹಾಗೆ ಆಗ್ಲಿ ಬಿಡಿ ಅಪ್ಪ."

ಮೇಷ್ಟ್ರು ಏಳಲಿಲ್ಲ. ಮಹತಿ ಕೈ ಕೊಡಲೂ ಇಲ್ಲ.

ಮೆಹ್ವಿಶ್ ಆವತ್ತಿನಿಂದ ಆ ಓಣಿಗೆ ಹೋಗಿಲ್ಲ. ಮೂರನೆಯ ಸ್ಪೀಕರಿನ ವೈರು ಇವತ್ತಿಗೂ ಅವಳ ಅಂಗಡಿಯ ಮೊಳೆಯಲ್ಲಿದೆ. 'ಮೇಲೂರು' ಅಂತ ಚೀಟಿ ಅಂಟಿಸಿದ್ದಾಳೆ. ನಂಬದವರು ಹೋಗಿ ನೋಡಬಹುದು.

ಆ ಅಪ್ಪನಿಗೂ ಮಗಳಿಗೂ ಹೇಳದೆ ಮೆಹ್ವಿಶ್ ನನಗೆ ಮಾತ್ರ ಹೇಳಿದ್ದು ಇನ್ನೊಂದಿದೆ. ಹೊರಡುವ ಮೊದಲು ಮೊಬೈಲ್ ಟಾರ್ಚು ಹಿಡಿದು ಅಡುಗೆಮನೆಯೊಳಗೆ ಇಣುಕಿದಳಂತೆ. ಮಹತಿ ಕಾಯಿ ತುರಿಯುವುದು ಮಿಕ್ಸಿಯಲ್ಲಿ. ತುರಿಯುವ ಮಣೆಯನ್ನು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಪಕ್ಕದಲ್ಲೇ ತಿಥಿಗೆ ತಂದ ತೆಂಗಿನಕಾಯಿಗಳ ಬುಟ್ಟಿ. ಒಂದನ್ನೂ ಒಡೆದಿರಲಿಲ್ಲ, ಏಳೂ ಇಡಿಯಾಗಿದ್ದವು.

ಮಣೆಯ ಹಲ್ಲು ಒದ್ದೆಯಾಗಿತ್ತು.