ಫೋನಿನ ಬ್ಯಾಟರಿ ಇಟ್ಟವನು

ಇಲ್ಲ ಅತ್ತಿಗೆ, ಬ್ಯಾಟರಿಯಲ್ಲಿ ದೋಷ ಇಲ್ಲ. ಬೆಳಗ್ಗೆಯಿಂದ ಮೂರು ಸಲ ಪರೀಕ್ಷೆ ಮಾಡಿದೆ. ಸ್ವಲ್ಪ ಕೂತ್ಕೊಳ್ಳಿ, ನೀವು ಹಾಗೆ ನಿಂತೇ ಇದ್ರೆ ನಂಗೆ ಹೇಳೋಕಾಗಲ್ಲ. ನಾಲ್ಕು ದಿನದಿಂದ ನಿಮ್ಮ ಮ್ಯಾನೇಜರ್ ತಲೆ ತಿಂತಿದಾರೆ. ಕರೆಂಟು ಹೋದ್ರೆ ಮೂರು ಗಂಟೆ ಆಫೀಸಿನ ಫೋನ್ ನಡೆಯುತ್ತೆ ಅಂದಿದ್ದೆ, ನಲವತ್ತೇ ನಿಮಿಷಕ್ಕೆ ಎಲ್ಲ ಯಾಕೆ ಸತ್ತವು ಅಂತ.

ನಾನೇನು ಕಣ್ಣಂದಾಜಲ್ಲಿ ತಂದಿಟ್ಟೆನಾ? ನಿಮ್ಮ ಆಪರೇಟರ್ ಮೇಜಿನ ಹಿಂದೆ ಮಂಡಿ ಊರಿ, ಫೋನಿನ ದೊಡ್ಡ ಡಬ್ಬಿಗೆ ಮೀಟರ್ ಹಿಡಿದು ನೋಡಿದೆ. ಅರವತ್ತು ವ್ಯಾಟು. ಅಷ್ಟಕ್ಕೆ ಆ ಬ್ಯಾಟರಿ ಮೂರು ಗಂಟೆ ಧಾರಾಳ... ಯಾಕೆ ಹಾಗೆ ನೋಡ್ತೀರಿ?

ಸರಿ. ಗೋಡೆ ಮೇಲೆ ಇನ್ನೊಂದು ಡಬ್ಬಿ ಇದೆ, ಹಸಿರು ದೀಪ ಮಿಣುಗುಟ್ಟೋದು. ಇಪ್ಪತ್ತು ಮೇಜಿನ ಫೋನುಗಳಿಗೂ ಕರೆಂಟು ಅಲ್ಲಿಂದಲೇ, ಆ ನೀಲಿ ತಂತಿಯೊಳಗಿಂದ. ಅದೊಂದೇ ನೂರೈವತ್ತು ಎಳೆಯುತ್ತೆ. ಅದನ್ನ ನಾನು... ಲೆಕ್ಕಕ್ಕೆ ಸೇರಿಸ್ಲಿಲ್ಲ. ನಿಮ್ಮ ಹತ್ರ ಮುಚ್ಚಿಡೋದೇನು. ಈ ಕೆಲಸ ಕೊಡಿಸಿದ್ದೇ ನೀವು. ನನ್ನ ಮೈದುನ, ಕೈ ಶುದ್ಧ, ಕೆಲಸವೂ ಶುದ್ಧ ಅಂತ ಹೇಳಿದ್ರಂತೆ.

ಬೇರೆ ಆಫೀಸಾಗಿದ್ರೆ ಎರಡು ಗಂಟೆ ಫೋನಿಲ್ಲ ಅಂತ ಊರೇನೂ ಮುಳುಗ್ತಿರಲಿಲ್ಲ. ಇದು ಲಿಫ್ಟ್ ರಿಪೇರಿ ಕಂಪನಿ. ಕರೆಂಟು ಹೋದಾಗಲೇ ಜನ ಸಿಕ್ಕಿಹಾಕಿಕೊಳ್ಳೋದು, ಆಗಲೇ ಇಲ್ಲಿಗೆ ಫೋನ್ ಮಾಡೋದು. ನಂಗೆ ಅಷ್ಟೂ ತಲೆಗೆ ಹೋಗ್ಲಿಲ್ಲ ನೋಡಿ.

ಗೊತ್ತು, ಆವತ್ತು ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡ ಆ ಹೊಲಿಗೆಯಮ್ಮ. ಮೂರನೇ ಮಹಡಿಗೂ ನಾಲ್ಕನೇದಕ್ಕೂ ನಡುವೆ ಎರಡು ಗಂಟೆ. ಸಕ್ಕರೆ ಕಾಯಿಲೆಯವರು, ಎಚ್ಚರ ತಪ್ಪಿದ್ರು. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದಿದಾರಂತೆ, ಆರಾಮಿದಾರಂತೆ. ಅವರನ್ನ ಉಳಿಸಿದ್ದೇ ನೀವು. ಫೋನ್ ಸತ್ತ ಕೂಡ್ಲೇ ಬೀದಿಗೆ ಓಡಿ, ನಿಮ್ಮ ಮೊಬೈಲಿಂದ ಒಬ್ಬೊಬ್ಬ ಮೆಕ್ಯಾನಿಕ್‌ಗೂ ಹೇಳಿದ್ರಿ, ನಮ್ಮ ಲಿಫ್ಟ್ ಇರೋ ಕಟ್ಟಡಕ್ಕೆಲ್ಲ ಹೋಗಿ ಬಾಗಿಲು ಬಡೀರಿ ಅಂತ. ಅದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ.

ಮ್ಯಾನೇಜರ್ ಒಂದು ಪುಟ ವರದಿ ಕೊಡು ಅಂದ್ರು. ಕೊಟ್ಟೆ. ಹೆಚ್ಚೇನಿಲ್ಲ. ಬ್ಯಾಟರಿ ಮೇಲೆ ಹೊರೆ ಜಾಸ್ತಿ ಆಗಿತ್ತು ಅಂತ ಬರೆದೆ, ಅಷ್ಟೇ.

ಹೊರೆ ಹೇಗೆ ಜಾಸ್ತಿ ಆಯ್ತು ಅಂತ ಕೇಳಿ.

ಯಾಕೆ ಕೇಳ್ತಿಲ್ಲ ಅತ್ತಿಗೆ? ಯಾರಾದ್ರೂ ಮೊದಲು ಕೇಳೋದೇ ಅದನ್ನ... ಡ್ರಾಯರ್ ಯಾಕೆ ಖಾಲಿ ಮಾಡ್ತಿದ್ದೀರಿ? ಕನ್ನಡಕದ ಡಬ್ಬಿ, ಮಕ್ಕಳ ಫೋಟೋ... ಆ ಬೀಗದಕೈ ಯಾಕೆ ಮೇಜಿನ ಮೇಲಿಟ್ರಿ?

ನನ್ನ ವರದಿ ಓದಿದ್ದೀರಿ.

ಆಪರೇಟರು ಮೇಜಿನ ಕೆಳಗೆ ತಮ್ಮ ಸ್ವಂತ ಫ್ಯಾನನ್ನ ಬ್ಯಾಟರಿಗೆ ಸಿಕ್ಕಿಸಿದ್ದರಿಂದ, ಅಂತ. ಹೌದು, ನನ್ನದೇ ಅಕ್ಷರ. ಆ ಪುಟ್ಟ ಫ್ಯಾನು ಮೂವತ್ತು ವ್ಯಾಟೂ ಎಳೆಯಲ್ಲ. ಅದೂ ನೀವು ಹಾಕಿದ್ದು ಗೋಡೆಯ ಪಾಯಿಂಟಿಗೆ, ಬ್ಯಾಟರಿಗಲ್ಲ. ನಂಗೆ ಗೊತ್ತಿತ್ತು. ನೀವು ಹನ್ನೊಂದು ವರ್ಷದಿಂದ ಇರೋರು, ಮ್ಯಾನೇಜರ್ ನಾಲ್ಕು ಮಾತು ಬೈದು ಸುಮ್ಮನಾಗ್ತಾರೆ ಅಂದ್ಕೊಂಡೆ. ಕೆಲಸದಿಂದಲೇ ತೆಗೀತಾರೆ ಅಂತ ಅಂದ್ಕೊಂಡಿರ್ಲಿಲ್ಲ.

ಅಣ್ಣನಿಗೆ ಹೇಳಿದ್ರಾ? ಇನ್ನೂ ಇಲ್ವಾ? ಬೈಯಿರಿ ಅತ್ತಿಗೆ. ಕೆನ್ನೆಗೆ ಬಾರಿಸಿ ಬೇಕಾದ್ರೆ.

ಫೋನ್ ಬರ್ತಿದೆ... ಎತ್ತಲ್ವಾ? ಮ್ಯಾನೇಜರ್ ಕೋಣೆಯಿಂದ.

ಹಲೋ... ಅವರಲ್ಲ ಸರ್, ನಾನು, ಬ್ಯಾಟರಿ ಇಟ್ಟವನು. ನನ್ನ ವರದಿಯಲ್ಲಿ ಫ್ಯಾನಿನ ವಿಷಯ ಸುಳ್ಳು ಸರ್. ಲೆಕ್ಕ ತಪ್ಪಿದ್ದು ನಾನು... ಬರ್ತೀನಿ, ಈಗಲೇ ಬಂದು ಬರೆದುಕೊಡ್ತೀನಿ... ಹೌದು, ಇಲ್ಲೇ ಇದಾರೆ.

ಇಲ್ಲ ಸರ್. ಏನೂ ಹೇಳ್ತಿಲ್ಲ.